ಮೂರು ಊರು, ನಾಲ್ಕು ಗೇರು

ಬೆಂಗಳೂರಿನಿಂದ ಶಿವಮೊಗ್ಗೆಯ ಕಡೆಗೆ ಹೊರಟವರಿಗೆ ಅರಸೀಕೆರೆ, ಬಾಣಾವರ ದಾಟಿದ ಮೇಲೆ ಕಡೂರು ಸಿಗುತ್ತದೆ. ಅದರ ಬೆನ್ನಿಗೇ ಬೀರೂರು. ಬೀರೂರು ಜಂಕ್ಷನ್ನಿನಲ್ಲಿ ರೈಲು ಹಳಿ ಎರಡಾಗಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗೆಗೆ. ನಕ್ಷೆಯ ಮೇಲೆ ಬೆರಳಿಟ್ಟು ನೋಡಿದರೆ ಕಡೂರು, ಅಜ್ಜಂಪುರ, ತರೀಕೆರೆ ಮೂರೂ ಸೇರಿ ಒಂದು ಪುಟ್ಟ ತ್ರಿಕೋನ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮೂರನ್ನೂ ಸುತ್ತಿ ಬರಬಹುದು.

ಆದರೆ ನೆಲ ಮಾತ್ರ ಮೂರು ತರ. ಕಡೂರು ಬಯಲುಸೀಮೆ. ತೆಂಗಿನ ತೋಟ, ದೂರದವರೆಗೆ ಕಾಣುವ ಆಕಾಶ, ನೇರ ರಸ್ತೆ. ಅಜ್ಜಂಪುರಕ್ಕೆ ಬಂದರೆ ಎರೆಮಣ್ಣಿನ ಹೊಲ, ಈರುಳ್ಳಿಯ ರಾಶಿ, ದನಗಳ ಹಿಂಡು. ತರೀಕೆರೆಯಲ್ಲಿ ಅಡಿಕೆ ತೋಟದ ನೆರಳು ಶುರುವಾಗುತ್ತದೆ, ಪಶ್ಚಿಮಕ್ಕೆ ಬೆಟ್ಟ ಎದ್ದು ನಿಲ್ಲುತ್ತದೆ. ಒಂದೇ ಜಿಲ್ಲೆಯ ಈ ಮೂರು ಊರುಗಳಲ್ಲಿ ಕಾರು ಕಲಿತವರ ಕೈ ಒಂದೇ ರೀತಿ ಇರುವುದಿಲ್ಲ ಎಂದು ಹಳೆಯ ಡ್ರೈವರುಗಳು ಹೇಳುವುದುಂಟು. ಬಯಲಿನವನಿಗೆ ವೇಗದ ಅಂದಾಜು ಗೊತ್ತು, ಎರೆಸೀಮೆಯವನಿಗೆ ತಾಳ್ಮೆ ಗೊತ್ತು, ಘಟ್ಟದವನಿಗೆ ಗೇರು ಗೊತ್ತು ಎಂಬುದು ಆ ಮಾತಿನ ಸಾರ. ಈ ಭಾಗದಲ್ಲಿ ನೆಂಟರಿಷ್ಟರು ಇರುವುದರಿಂದ ಮೂರು ಊರಿನ ಹಿರಿಯರ ಬಾಯಲ್ಲೂ ಅವರು ಕಲಿತ ಕಾರಿನ ಕಥೆ ಕೇಳುತ್ತ ಬೆಳೆದವನು ನಾನು. ಕೇಳುತ್ತ ಹೋದಂತೆ, ಅವರಿಗೆ ಪಾಠ ಹೇಳಿದ್ದು ಕಾರು ಒಂದೇ ಅಲ್ಲ, ಊರಿನ ನೆಲವೂ ಹೌದು ಎಂದು ಅನ್ನಿಸುತ್ತದೆ.

ಸ್ಟೇರಿಂಗಿಗೆ ಮೊದಲು ಬಕೆಟ್ಟು

ಅರವತ್ತು, ಎಪ್ಪತ್ತರ ದಶಕದಲ್ಲಿ ಈ ಊರುಗಳಲ್ಲಿ ಕಾರೆಂದರೆ ಬೆರಳೆಣಿಕೆ. ಮಂಡಿ ವ್ಯಾಪಾರಿಗಳದ್ದೊಂದು, ಡಾಕ್ಟರದ್ದೊಂದು, ಬಸ್ ನಿಲ್ದಾಣದ ಹತ್ತಿರ ಬಾಡಿಗೆಗೆ ನಿಲ್ಲುವ ಎರಡೋ ಮೂರೋ ಟ್ಯಾಕ್ಸಿ, ತೋಟದವರ ಜೀಪು. ಹೊಸ ಕಾರು ಬೇಕೆಂದವರು ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಹಾಗಾಗಿ ಹೆಚ್ಚಿನವರು ಕಲಿತದ್ದು ತಮ್ಮ ಕಾರಿನಲ್ಲಲ್ಲ, ಇನ್ನೊಬ್ಬರ ಕಾರಿನಲ್ಲಿ.

ಕಲಿಯುವವರಲ್ಲಿ ಎರಡು ಬಗೆ. ಮನೆಯಲ್ಲಿ ಕಾರಿದ್ದವರ ಮಕ್ಕಳು ಒಂದು. ಹೊಟ್ಟೆಪಾಡಿಗಾಗಿ ಕಲಿಯಲು ಬಂದ ಹುಡುಗರು ಇನ್ನೊಂದು. ಈ ಎರಡನೆಯವರನ್ನು ಎಲ್ಲರೂ ‘ಕ್ಲೀನರ್’ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಎದ್ದು ಗಾಡಿ ತೊಳೆಯುವುದು, ರೇಡಿಯೇಟರಿಗೆ ನೀರು ಹಾಕುವುದು, ಟೈರು ಬಿಚ್ಚಿ ಕೂರಿಸುವುದು, ಕಾರ್ಬನ್ ಕಟ್ಟಿದ ಪ್ಲಗ್ಗನ್ನು ಉಜ್ಜಿ ಹಾಕುವುದು ಅವರ ಕೆಲಸ. ಒಂದೆರಡು ವರ್ಷ ಹೀಗೆ ಕಳೆದ ಮೇಲೆ ಒಂದು ದಿನ ಡ್ರೈವರಣ್ಣ ತಾನಾಗಿ, ‘ಏನಪ್ಪಾ, ಕೂತ್ಕೋ, ಶೆಡ್ಡಿಗೆ ಹಾಕು’ ಎನ್ನುತ್ತಿದ್ದ. ಅಲ್ಲಿಗೆ ಅವನ ಪಾಠ ಶುರುವಾಯಿತೆಂದು ಅರ್ಥ.

ಕ್ಲೀನರಿನ ದೊಡ್ಡ ಪರೀಕ್ಷೆ ಹ್ಯಾಂಡಲ್ ಹಾಕುವುದು. ಬ್ಯಾಟರಿ ಕೈಕೊಟ್ಟ ಚಳಿಗಾಲದ ಬೆಳಿಗ್ಗೆ, ಕಾರಿನ ಮುಂಭಾಗದ ತೂತಿಗೆ ಸೊಟ್ಟ ಸರಳು ತೂರಿಸಿ ಇಂಜಿನ್ನನ್ನು ಕೈಯಿಂದಲೇ ತಿರುಗಿಸಬೇಕು. ಇದಕ್ಕೊಂದು ನಿಯಮವಿತ್ತು. ಹೆಬ್ಬೆರಳನ್ನು ಸರಳಿನ ಸುತ್ತ ಸುತ್ತಬಾರದು, ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಇಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಬಿಟ್ಟು ಹೋಗುತ್ತದೆ, ಹೆಬ್ಬೆರಳು ಉಳಿಯುತ್ತದೆ. ಯಂತ್ರಕ್ಕೆ ಮರ್ಯಾದೆ ಕೊಡಬೇಕು ಎಂಬ ಮೊದಲ ಪಾಠವನ್ನು ಆ ಹುಡುಗರು ಪುಸ್ತಕದಿಂದ ಕಲಿಯಲಿಲ್ಲ.

ಮನೆಯ ಮಕ್ಕಳಿಗೂ ರಿಯಾಯಿತಿ ಇರಲಿಲ್ಲ. ‘ಮಾವ, ನಾನು ಒಂದ್ಸಲ ಬಿಡ್ಲಾ?’ ಎಂದು ಕೇಳಿದರೆ, ‘ಮೊದ್ಲು ಆಯಿಲ್ ಎಲ್ಲಿ ನೋಡ್ತಾರೆ ತೋರ್ಸು’ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಕಡೂರಿನ ನೇರ ದಾರಿ

ಹಿಂದೆ 206 ಎಂದು ಕರೆಸಿಕೊಳ್ಳುತ್ತಿದ್ದ, ಈಗ 69 ಎಂಬ ಸಂಖ್ಯೆ ಪಡೆದಿರುವ ಹೆದ್ದಾರಿ ಕಡೂರಿನ ಮೂಲಕ ಹಾದುಹೋಗುತ್ತದೆ. ಈ ಸೀಮೆಯಲ್ಲಿ ಕಲಿತವರ ನೆನಪಿನಲ್ಲಿ ಮೊದಲು ನಿಲ್ಲುವ ಕಾರು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, ಪಶ್ಚಿಮ ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ಐವತ್ತರ ದಶಕದ ಕೊನೆಯಲ್ಲಿ ತಯಾರಾಗತೊಡಗಿದ ಈ ಕಾರು 2014ರವರೆಗೂ ಬಂತು. ಟನ್ನಿಗೂ ಮೀರಿದ ತೂಕ. ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದ. ಗೇರಿನ ಕೋಲು ಬಹುಕಾಲ ಸ್ಟೇರಿಂಗಿನ ಕೆಳಗೇ ಇತ್ತು. ಹೀಗಾಗಿ ಮದುವೆ ದಿಬ್ಬಣದ ದಿನ ಮುಂದೆ ಡ್ರೈವರ್ ಸೇರಿ ನಾಲ್ವರು ಕೂತರೂ ಗೇರು ಹಾಕಲು ಅಡ್ಡಿಯಿರಲಿಲ್ಲ. ಡ್ರೈವರಿಗೆ ಮಾತ್ರ ಬಾಗಿಲಿಗೆ ಅಂಟಿಕೊಂಡು ಕೂರುವ ಪಾಡು.

ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯಂಗಳವೇ ಮೊದಲ ಮೈದಾನ. ಕ್ಲಚ್ಚನ್ನು ಪೂರ್ತಿ ಒತ್ತಿ, ಗೇರು ಹಾಕಿ, ಕಾಲನ್ನು ಕೂದಲೆಳೆಯಷ್ಟೇ ಎತ್ತುತ್ತ ಬರಬೇಕು. ಗಾಡಿ ಸಣ್ಣಗೆ ನಡುಗುತ್ತದೆ. ಆ ನಡುಕ ಗೊತ್ತಾದ ಜಾಗದಲ್ಲಿ ಕಾಲು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ ಇಂಜಿನ್ ಆಫ್ ಆಗುತ್ತದೆ. ಜೈಮಿನಿ ಭಾರತವನ್ನು ಬರೆದ ಲಕ್ಷ್ಮೀಶನ ಊರೆಂದು ಹೇಳುವ ದೇವನೂರು ಇದೇ ಕಡೂರು ತಾಲ್ಲೂಕಿನದು. ಆ ಕಾವ್ಯದಲ್ಲಿ ಯಾಗದ ಕುದುರೆ ತನಗೆ ಮನಸ್ಸು ಬಂದತ್ತ ನಡೆಯುತ್ತದೆ, ಅರ್ಜುನ ಅದರ ಹಿಂದೆ ಹೋಗುತ್ತಾನೆ. ಹೊಸಬನ ಕೈಗೆ ಸಿಕ್ಕ ಅಂಬಾಸಿಡರ್ ಕೂಡ ಮೊದಲ ವಾರ ಹಾಗೇ. ಪಕ್ಕದಲ್ಲಿ ಕೂತವರು ಅರ್ಜುನನ ಪಾತ್ರ ವಹಿಸಬೇಕು.

ಈ ಕಾರಿನ ದೊಡ್ಡ ಪಾಠ ಒಂದನೇ ಗೇರಿನಲ್ಲಿತ್ತು. ಈಗಿನ ಕಾರುಗಳಲ್ಲಿ ಎರಡು ಗೇರು ಚಕ್ರಗಳು ಕೂಡಿಕೊಳ್ಳುವ ಮೊದಲು ಅವುಗಳ ವೇಗವನ್ನು ಸರಿಹೊಂದಿಸುವ ಬಳೆಗಳಿರುತ್ತವೆ. ಅಂಬಾಸಿಡರಿನಲ್ಲೂ ಫಿಯಟ್ಟಿನಲ್ಲೂ ಆ ಸೌಕರ್ಯ ಎರಡನೇ ಗೇರಿನಿಂದ ಮೇಲಕ್ಕೆ ಮಾತ್ರ. ಓಡುತ್ತಿರುವಾಗ ಒಂದನೇ ಗೇರಿಗೆ ಇಳಿಯಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕಾಲು ತೆಗೆದು, ಸ್ವಲ್ಪ ಆಕ್ಸಿಲೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಇದಕ್ಕೆ ಡಬಲ್ ಕ್ಲಚ್ ಎಂದು ಹೆಸರು. ತಪ್ಪಿದರೆ ಗೇರ್ ಬಾಕ್ಸ್ ಊರಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಅಂದರೆ ಕಾರೇ ತಪ್ಪನ್ನು ಸಾರಿ ಹೇಳುತ್ತಿತ್ತು. ಇಂಜಿನ್ನಿನ ದನಿ ಕೇಳಿ ಯಾವ ಗೇರು ಬೇಕೆಂದು ತಿಳಿಯುವ ಕಿವಿ ಆ ತಲೆಮಾರಿಗೆ ಬಂದದ್ದು ಹೀಗೆ.

ಕೆರೆಯಂಗಳ ಮುಗಿದ ಮೇಲೆ ಕಡೂರು–ಬೀರೂರು ರಸ್ತೆ. ಭಾನುವಾರ ಬೆಳಗಿನ ಜಾವ ಲಾರಿಗಳು ಕಡಿಮೆ. ಬಲಕ್ಕೆ ತಿರುಗಲು ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಬೇಕು, ನಿಧಾನಿಸುವಾಗ ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಬೇಕು. ರೈಲ್ವೆ ಗೇಟು ಬಿದ್ದರೆ ಇನ್ನೊಂದು ಪರೀಕ್ಷೆ. ಗೇಟಿನ ಹತ್ತಿರ ರಸ್ತೆ ಸ್ವಲ್ಪ ಏರು. ಹಿಂದೆ ಬಸ್ಸು, ಮುಂದೆ ಎತ್ತಿನ ಗಾಡಿ. ಗೇಟು ಎತ್ತಿದೊಡನೆ ಗಾಡಿ ಹಿಂದಕ್ಕೆ ಜಾರದಂತೆ ಹೊರಡಬೇಕು. ಬೀರೂರಿನ ಸುತ್ತ ಹಳಿಗಳು ಹೆಚ್ಚು, ಪರೀಕ್ಷೆಗಳೂ ಹೆಚ್ಚು. ಈಗ ಎಷ್ಟೋ ಕಡೆ ಮೇಲ್ಸೇತುವೆ ಬಂದು ಆ ಪರೀಕ್ಷೆ ತಪ್ಪಿದೆ. ಆದರೆ ನೇರ ರಸ್ತೆಯ ಪಾಠ ಹಾಗೇ ಇದೆ. ದೂರದಲ್ಲಿ ಚುಕ್ಕೆಯಂತೆ ಕಾಣುವ ಲಾರಿ ಎಷ್ಟು ಬೇಗ ಮೈಮೇಲೆ ಬರುತ್ತದೆ ಎಂಬ ಅಂದಾಜು ಬರಬೇಕಾದರೆ ಇಂಥ ಬಯಲೇ ಬೇಕು.

ಅಜ್ಜಂಪುರದ ಎರೆಮಣ್ಣು

ಅಜ್ಜಂಪುರ ತರೀಕೆರೆ ತಾಲ್ಲೂಕಿನಿಂದ ಬೇರೆಯಾಗಿ ಈಗ ತಾನೇ ಒಂದು ತಾಲ್ಲೂಕು. ಕಾರಿಗಿಂತ ನೂರಾರು ವರ್ಷ ಮೊದಲೇ ಇಲ್ಲಿನ ನೆಲ ವೇಗಕ್ಕೆ ಹೆಸರಾಗಿತ್ತು. ಅಮೃತ ಮಹಲ್ ತಳಿಯ ದನಗಳ ಸಂವರ್ಧನಾ ಕೇಂದ್ರ ಇರುವುದು ಇಲ್ಲೇ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಲ್ಲಿ ಬೆಳೆದ ಈ ತಳಿಯನ್ನು ಹೈದರ್ ಅಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ ಫಿರಂಗಿ ಎಳೆಯಲು ಬಳಸುತ್ತಿದ್ದರು. ಅಮೃತ ಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನಿಂದ. ಉದ್ದ ಕೊಂಬಿನ ಈ ಎತ್ತುಗಳು ದೂರದ ದಾರಿಯನ್ನು ದಣಿಯದೆ ನಡೆಯುವುದಕ್ಕೆ ಹೆಸರುವಾಸಿ. ಅವಕ್ಕಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು.

ದನ ದಾರಿಗೆ ಬಂದರೆ ಕಾರೇ ನಿಲ್ಲಬೇಕು. ಇದು ಅಜ್ಜಂಪುರದ ಮೊದಲ ಪಾಠ. ಹಾರನ್ ಬಾರಿಸಿದರೆ ಹಿಂಡು ಬೆದರಿ ಚದುರುತ್ತದೆ, ಕೆಲಸ ಇನ್ನೂ ಕೆಡುತ್ತದೆ. ಇಂಜಿನ್ ಸದ್ದು ತಗ್ಗಿಸಿ, ಕರು ಯಾವ ಕಡೆ ಇದೆ, ತಾಯಿ ಯಾವ ಕಡೆ ಇದೆ ಎಂದು ನೋಡಿಕೊಂಡು, ಎರಡೂ ಒಂದೇ ಬದಿಗೆ ಸೇರಿದ ಮೇಲೆ ಮುಂದೆ ಹೋಗಬೇಕು. ರಾತ್ರಿಯ ಪಾಠ ಬೇರೆ. ದೀಪವಿಲ್ಲದ ಎತ್ತಿನ ಗಾಡಿಗಳು ಎದುರಾಗುತ್ತಿದ್ದ ಕಾಲದಲ್ಲಿ ಕತ್ತಲಲ್ಲಿ ನಾಲ್ಕು ಕಣ್ಣು ಹೊಳೆದರೆ ಹಿಂದೆ ಗಾಡಿಯಿದೆ ಎಂದು ತಿಳಿಯಬೇಕಿತ್ತು. ತಕ್ಷಣ ಎಡಗಾಲಿನಿಂದ ನೆಲದ ಮೇಲಿನ ಗುಂಡಿ ಒತ್ತಿ ಹೆಡ್‌ಲೈಟ್ ಡಿಮ್ ಮಾಡಬೇಕು. ಅಂಬಾಸಿಡರಿನಲ್ಲಿ ಆ ಸ್ವಿಚ್ಚು ಕಾಲಿನ ಹತ್ತಿರವೇ ಇತ್ತು.

ಈ ಸೀಮೆಯ ಮಾಸ್ತರು ಜೀಪು. ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಬೇರೆಯದೇ ಗೇರಿನ ಕೋಲು ಅದರ ವಿಶೇಷ. ಮಳೆ ಬಿದ್ದ ಎರೆನೆಲ ಟೈರಿಗೆ ಅಂಟಿ ಚಕ್ರವನ್ನು ಬೆಣ್ಣೆಮುದ್ದೆ ಮಾಡಿಬಿಡುತ್ತದೆ. ಗಾಬರಿಯಿಂದ ಆಕ್ಸಿಲೇಟರ್ ತುಳಿದಷ್ಟೂ ಚಕ್ರ ತಿರುಗಿದಲ್ಲೇ ತಿರುಗಿ ಗುಂಡಿ ತೋಡುತ್ತದೆ. ಇಳಿದು, ಗೋಣಿಚೀಲವನ್ನೋ ಸೊಪ್ಪುಸದೆಯನ್ನೋ ಚಕ್ರದ ಕೆಳಗೆ ಹಾಕಿ, ಇಂಜಿನ್ ಕೂಗದಂತೆ ಮೆಲ್ಲಗೆ ಎತ್ತಬೇಕು. ಸಿಕ್ಕಿಕೊಂಡಾಗ ಜೋರು ಮಾಡುವುದಲ್ಲ, ಸುಮ್ಮನೆ ಒಂದು ನಿಮಿಷ ಯೋಚಿಸುವುದು. ಅಜ್ಜಂಪುರದಲ್ಲಿ ಕಲಿತವರು ಬದುಕಿನ ಬೇರೆ ವಿಷಯಕ್ಕೂ ಈ ಮಾತನ್ನು ಹೇಳುತ್ತಾರೆ.

ತರೀಕೆರೆಯ ಏರಿ, ಬೆಟ್ಟದ ಏರು

ತರೀಕೆರೆ ಎಂದೊಡನೆ ಕನ್ನಡದ ಮಕ್ಕಳಿಗೆ ಕೆರೆ ಏರಿಯ ಮೇಲಿನ ಕರಿ ಕುರಿಮರಿಗಳ ನಾಲಿಗೆ ತಿರುಚುವ ಆಟ ನೆನಪಾಗುತ್ತದೆ. ಡ್ರೈವಿಂಗ್ ಕಲಿಯುವವರಿಗೂ ಕೆರೆ ಏರಿ ಎಂದರೆ ತಿರುಚಾಟವೇ. ಕಿರಿದಾದ ದಾರಿ, ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಇಳಿಜಾರು, ಎದುರಿಗೊಂದು ಗಾಡಿ.

ನಿಜವಾದ ಪಾಠಶಾಲೆ ಮಾತ್ರ ಊರಾಚೆ. ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿಯ ಜಲಪಾತದ ಮೇಲೆ ಕೆಮ್ಮಣ್ಣುಗುಂಡಿಗೆ ಏರುವ ಘಟ್ಟ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣವಾಗಿದ್ದ ಈ ಗಿರಿಧಾಮ ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಕಬ್ಬಿಣದ ಅದಿರು ಒಂದು ಕಾಲಕ್ಕೆ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು.

ಫಿಯಟ್ ಕಾರಿಟ್ಟುಕೊಂಡವರ ಧೈರ್ಯ ಪರೀಕ್ಷೆಯಾಗುತ್ತಿದ್ದುದು ಇಲ್ಲಿ. ಮುಂಬೈಯ ಪ್ರೀಮಿಯರ್ ಕಂಪನಿ ತಯಾರಿಸುತ್ತಿದ್ದ, ಎಪ್ಪತ್ತರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಈ ಕಾರು ಅಂಬಾಸಿಡರಿಗಿಂತ ಚಿಕ್ಕದು, ಹಗುರ. ಇದರ ಇಂಜಿನ್ 1,089 ಸಿ.ಸಿ. ಬೇಸಿಗೆಯ ಮಧ್ಯಾಹ್ನ ಅರ್ಧ ಘಟ್ಟ ಹತ್ತಿದಾಗ ಇಂಜಿನ್ ಕೆಮ್ಮಿ ನಿಂತುಬಿಡುತ್ತಿತ್ತು. ಇಂಜಿನ್ನಿನ ಕಾವಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ, ಪಂಪಿಗೆ ಎಳೆದುಕೊಳ್ಳಲು ದ್ರವವೇ ಇಲ್ಲದಂತಾಗುವುದು ಇದಕ್ಕೆ ಕಾರಣ. ಮದ್ದೂ ಸರಳ. ಬಾನೆಟ್ ಎತ್ತಿ, ಒದ್ದೆ ಬಟ್ಟೆಯನ್ನು ಪೆಟ್ರೋಲ್ ಪಂಪಿನ ಮೇಲೆ ಹಾಕಿ, ಮರದ ನೆರಳಲ್ಲಿ ಕೂತು ಪುರಿ ತಿನ್ನುವುದು. ಆದರೆ ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬಾರದು, ಬಿಸಿನೀರು ಮುಖಕ್ಕೆ ಚಿಮ್ಮುತ್ತದೆ. ಈ ಮಾತು ಇಂದಿನ ಕಾರಿಗೂ ಅನ್ವಯಿಸುತ್ತದೆ.

ಏರುವುದಕ್ಕಿಂತ ಇಳಿಯುವುದು ಕಷ್ಟ. ಹತ್ತಿದ ಗೇರಿನಲ್ಲೇ ಇಳಿ ಎಂಬುದು ಘಟ್ಟದ ಡ್ರೈವರುಗಳ ಮೊದಲ ಮಂತ್ರ. ಬ್ರೇಕನ್ನೇ ನಂಬಿ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸಣ್ಣ ಗೇರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಯುವುದು ಅಪಾಯವನ್ನು ಕರೆದಂತೆ. ಎರಡನೆಯ ಮಂತ್ರ, ಇಕ್ಕಟ್ಟಿನ ಘಟ್ಟದಲ್ಲಿ ಏರಿ ಬರುವ ಗಾಡಿಗೆ ದಾರಿ ಬಿಡಬೇಕು ಎಂಬುದು. ಇದು ಬರೀ ಸೌಜನ್ಯವಲ್ಲ, ರಸ್ತೆ ನಿಯಮವೂ ಹೌದು. ಏರುವವನು ನಿಂತರೆ ಮತ್ತೆ ಹೊರಡುವುದು ಕಷ್ಟ.

ಮಾರುತಿ ಬಂದ ಮೇಲೆ

1983ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಮೊದಲ ಮಾರುತಿ 800 ಕಾರಿನ ಕೀಲಿಕೈ ಕೈ ಬದಲಾಯಿತು. ಈ ಕಡೆಯ ಊರುಗಳಿಗೆ ಅದು ತಲುಪಲು ಕೆಲವು ವರ್ಷ ಹಿಡಿಯಿತು. ಮೂರು ಸಿಲಿಂಡರಿನ 796 ಸಿ.ಸಿ. ಇಂಜಿನ್, ಹನ್ನೆರಡು ಇಂಚಿನ ಪುಟ್ಟ ಚಕ್ರ, ಅಂಬಾಸಿಡರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಕ. ಗೇರಿನ ಕೋಲು ಸ್ಟೇರಿಂಗಿನಿಂದ ಕೆಳಗಿಳಿದು ಎರಡು ಸೀಟಿನ ನಡುವೆ ಕೂತಿತು. ಇದು ಬೊಂಬೆ ಕಾರು, ನಮ್ಮ ರಸ್ತೆಗೆ ಬಾಳದು ಎಂದು ಕೆಲ ಹಿರಿಯರು ಮೂಗು ಮುರಿದರು. ಕಾರು ಬಾಳಿತು.

ಅದು ತಂದ ದೊಡ್ಡ ಬದಲಾವಣೆ ಬೇರೆ. ಅಂಬಾಸಿಡರಿನ ಸ್ಟೇರಿಂಗ್ ತಿರುಗಿಸಲು ತೋಳಿನ ಬಲ ಬೇಕಿತ್ತು, ಅದು ಗಂಡಸರ ಕೆಲಸ ಎಂಬ ನಂಬಿಕೆಗೆ ಆ ಭಾರವೇ ನೆವ. ಮಾರುತಿ ಆ ನೆವವನ್ನು ಕಿತ್ತುಹಾಕಿತು. ಶಾಲೆಯ ಮೇಡಂಗಳು, ಮಹಿಳಾ ಡಾಕ್ಟರುಗಳು, ಬ್ಯಾಂಕಿನ ನೌಕರರು ಕಾರು ಕಲಿತರು. ಪಕ್ಕದ ಸೀಟಿಗೂ ಕ್ಲಚ್ಚು ಬ್ರೇಕು ಜೋಡಿಸಿದ, ನೆತ್ತಿಯ ಮೇಲೆ ಬೋರ್ಡು ಹೊತ್ತ ಡ್ರೈವಿಂಗ್ ಸ್ಕೂಲಿನ ಮಾರುತಿ ತಾಲ್ಲೂಕು ಕೇಂದ್ರಗಳಲ್ಲೂ ಕಾಣಿಸಿಕೊಂಡಿತು. ಕ್ಲೀನರಾಗಿ ಎರಡು ವರ್ಷ ಸವೆಸುವ ಕಾಲ ಹೋಗಿ, ಹಣ ಕಟ್ಟಿ ಕೆಲವು ವಾರಗಳಲ್ಲಿ ಕಲಿಯುವ ಕಾಲ ಬಂತು. ಲೈಸೆನ್ಸಿಗೆ ಚಿಕ್ಕಮಗಳೂರಿಗೇ ಹೋಗಬೇಕಿದ್ದ ಜನಕ್ಕೆ ಮುಂದೆ ತರೀಕೆರೆಯಲ್ಲೂ ಸಾರಿಗೆ ಕಚೇರಿ ಸಿಕ್ಕಿತು. ಇಲ್ಲಿನ ಗಾಡಿಗಳ ಮೇಲೆ ಕೆಎ 18ರ ಜೊತೆಗೆ ಕೆಎ 66 ಕೂಡ ಕಾಣುವುದು ಅದರಿಂದ. ಮಾರುತಿ 800 ಕೂಡ ಅಂಬಾಸಿಡರ್ ನಿಂತ 2014ರಲ್ಲೇ ನಿಂತಿತು. ಎರಡು ತಲೆಮಾರಿನ ಮಾಸ್ತರುಗಳು ಒಂದೇ ವರ್ಷ ನಿವೃತ್ತರಾದರು.

ಈಗ ಕಲಿಸುವವರು ಯಾರು?

ಈಗಿನ ಕಾರು ಜಾಣ. ಗೇರು ತಪ್ಪಿದರೂ ಕಿರುಚುವುದಿಲ್ಲ. ಏರಿನಲ್ಲಿ ಹಿಂದೆ ಜಾರದಂತೆ ಹಿಡಿಯುವ ವ್ಯವಸ್ಥೆ ಎಷ್ಟೋ ಕಾರುಗಳಲ್ಲಿದೆ. ಗಾಬರಿಯಿಂದ ಬ್ರೇಕ್ ತುಳಿದರೆ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಇವೆಲ್ಲ ಜೀವ ಉಳಿಸುವ ಒಳ್ಳೆಯ ಸಂಗತಿಗಳು, ಹಳೆಯದೇ ಚೆನ್ನಾಗಿತ್ತು ಎಂದು ಹಲುಬುವುದರಲ್ಲಿ ಅರ್ಥವಿಲ್ಲ. ಆದರೆ ಕಾರು ತಪ್ಪನ್ನು ಮುಚ್ಚಿಟ್ಟಾಗ ಹೊಸಬನಿಗೆ ತನಗೆ ಎಲ್ಲ ಬಂತು ಎಂಬ ಭ್ರಮೆ ಬೇಗ ಬರುತ್ತದೆ. ಅತ್ತ ಹೆದ್ದಾರಿ ಅಗಲವಾಗಿದೆ, ವೇಗ ಹೆಚ್ಚಿದೆ. ಬಯಲು ಜಾಗಗಳಲ್ಲಿ ಸೈಟುಗಳಾಗಿವೆ. ಕಾವಲಿನ ಹುಲ್ಲುಗಾವಲು ದನಗಳದ್ದು, ಕಾರಿನ ಚಕ್ರಕ್ಕೆ ಅಲ್ಲಿ ಕೆಲಸವಿಲ್ಲ.

ಆತುರ ಮಕ್ಕಳಿಗೆ ಮಾತ್ರವಲ್ಲ, ಹೆತ್ತವರಿಗೂ ಇದೆ. ಹತ್ತನೇ ತರಗತಿ ಮುಗಿದೊಡನೆ, ನಮ್ಮ ಹುಡುಗ ಕಾರು ಬಿಡ್ತಾನೆ ಎಂದು ಹೆಮ್ಮೆಯಿಂದ ಹೇಳುವ ತಂದೆಯರು ಎಲ್ಲ ಊರಲ್ಲೂ ಸಿಗುತ್ತಾರೆ. ಕಾನೂನು ಏನು ಹೇಳುತ್ತದೆ ನೋಡಿ. ಕಾರಿಗೆ 18 ವರ್ಷ ತುಂಬಿರಲೇಬೇಕು. 16ಕ್ಕೆ ಸಿಗುವುದು ಹೆತ್ತವರ ಒಪ್ಪಿಗೆಯ ಮೇಲೆ, 50 ಸಿ.ಸಿ. ಮೀರದ, ಗೇರಿಲ್ಲದ ದ್ವಿಚಕ್ರಕ್ಕೆ ಮಾತ್ರ. ಬೀದಿಯಲ್ಲಿ ಕಾಣುವ ಪೆಟ್ರೋಲ್ ಸ್ಕೂಟರುಗಳು ಬಹುಪಾಲು 100 ಸಿ.ಸಿ. ಮೀರಿದವು, ಗೇರಿಲ್ಲ ಎಂಬ ಕಾರಣಕ್ಕೆ ಅವು ಕಾಲೇಜು ಹುಡುಗರ ಪಾಲಾಗುವುದಿಲ್ಲ. 2019ರ ತಿದ್ದುಪಡಿಯ ಪ್ರಕಾರ ವಯಸ್ಸಾಗದವರು ಗಾಡಿ ಓಡಿಸಿ ಅಪರಾಧವಾದರೆ ಹೆತ್ತವರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೋ ಹುಡುಗಿಗೋ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

18 ತುಂಬಿದ ಮೇಲೆ ಕಲಿಕೆಯ ಲೈಸೆನ್ಸಿಗೆ 6 ತಿಂಗಳ ಅವಧಿ ಇದೆ. ಪರೀಕ್ಷೆಗೆ 30 ದಿನ ಕಳೆದ ಮೇಲೆ ಹೋಗಬಹುದು, ಆದರೆ ಹೋಗಲೇಬೇಕೆಂದಿಲ್ಲ. ಈ ಆರು ತಿಂಗಳನ್ನು ಪೂರ್ತಿ ಬಳಸಿಕೊಳ್ಳುವುದೇ ಜಾಣತನ. ಡ್ರೈವಿಂಗ್ ಸ್ಕೂಲಿನ ಪಾಠ ಮುಗಿದ ಮೇಲೆ ಬಿಳಿ ಹಲಗೆಯ ಮೇಲೆ ಕೆಂಪಕ್ಷರದ ‘ಎಲ್’ ಹಾಕಿ, ಲೈಸೆನ್ಸ್ ಇರುವ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಡಿ. ಒಂದು ಭಾನುವಾರ ಬೆಳಿಗ್ಗೆ ಕಡೂರು–ಬೀರೂರು ನೇರ ದಾರಿ, ಎದುರು ಬರುವ ಗಾಡಿಯ ವೇಗ ಅಳೆಯಲು. ಇನ್ನೊಂದು ವಾರ ಅಜ್ಜಂಪುರದ ಸುತ್ತಲಿನ ಹಳ್ಳಿ ರಸ್ತೆ, ದನಕರು ದಾಟುವವರೆಗೆ ಕಾಯುವುದನ್ನು ಕಲಿಯಲು. ಹಿಂತಿರುಗುವಾಗ ತರೀಕೆರೆಯ ಬಳಿಯ ಅಮೃತಾಪುರಕ್ಕೆ ಹೋಗಿ, ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯ ನೋಡಿ. ಕೈ ಪಳಗಿದ ಮೇಲೆ, ಕೊನೆಗೆ, ಕೆಮ್ಮಣ್ಣುಗುಂಡಿಯ ಘಟ್ಟ. ಮಳೆಗಾಲದಲ್ಲಿ, ಮಂಜಿನಲ್ಲಿ ಅದು ಬೇಡ.

ಮಗನಿಗೋ ಮಗಳಿಗೋ ಕಾರು ಕೊಡಿಸಲು ಎಲ್ಲರಿಂದಲೂ ಆಗದು. ಪಕ್ಕದ ಸೀಟಿನಲ್ಲಿ ಕೆಲವು ಭಾನುವಾರ ಕೂರಲು ಹೆಚ್ಚಿನವರಿಗೆ ಆದೀತು. ಆಯಿಲ್ ಎಲ್ಲಿ ನೋಡುತ್ತಾರೆ ಎಂಬ ಪ್ರಶ್ನೆಯಿಂದಲೇ ಶುರು ಮಾಡಿ.